ಅಕ್ಷರ ಒಂದು, ಆರೋಪ ನೂರೊಂದು

ಅಚ್ಚಿಗೆ ಹೋಗುವ ಪುಟಗಳ ಕರಡು ತಿದ್ದುವುದನ್ನೇ ಕಸುಬಾಗಿ ಮಾಡಿಕೊಂಡು ಬಂದಿರುವ ನನಗೆ, ಒಂದೇ ಒಂದು ಅಕ್ಷರ ಆಚೀಚೆಯಾದರೆ ಏನೇನು ಅನಾಹುತವಾಗಬಲ್ಲದು ಎಂಬುದು ಚೆನ್ನಾಗಿಯೇ ಗೊತ್ತು. ‘ಅತಿಥಿಗಳ ಹಾರೈಕೆ’ ಎಂದಿರಬೇಕಾದದ್ದು ‘ಅತಿಥಿಗಳ ಆರೈಕೆ’ ಎಂದಾಗಿ, ಶುಭ ಕೋರಲು ಬಂದವರೆಲ್ಲ ಅಚ್ಚಿನಲ್ಲಿ ದಾದಿಯರಾದದ್ದನ್ನು ಕಂಡವನು ನಾನು. ಆದ್ದರಿಂದ ಮಿತ್ರರೊಬ್ಬರು ಒಂದು ಸಂಜೆ ದಪ್ಪನೆಯ ವರದಿಯೊಂದನ್ನು ನನ್ನ ಮೇಜಿನ ಮೇಲಿಟ್ಟು, “ನೀವು ಅಕ್ಷರ ತಿದ್ದುವವರಲ್ಲವೇ? ನನ್ನ ಮೈಯೊಳಗೇ ಒಂದು ಅಕ್ಷರ ತಪ್ಪಾಗಿ ಬಿದ್ದಿದೆಯಂತೆ, ಸ್ವಲ್ಪ ನೋಡಿ” ಎಂದಾಗ, ವೃತ್ತಿಧರ್ಮಕ್ಕೆ ಅನುಸಾರವಾಗಿ ಕನ್ನಡಕ ಹಾಕಿಕೊಂಡು, ಕೆಂಪು ಪೆನ್ನಿನ ಮುಚ್ಚಳ ತೆಗೆದೆ.

ಕೆಂಪು ಪೆನ್ನಿಗೆ ಅಲ್ಲಿ ಕೆಲಸವೇ ಇರಲಿಲ್ಲ, ಏಕೆಂದರೆ ವರದಿಯವರೇ ಎಲ್ಲವನ್ನೂ ಕೆಂಪಾಗಿಸಿದ್ದರು. ಮಿತ್ರರು ಪುಟ್ಟ ನಳಿಗೆಯೊಂದರಲ್ಲಿ ಉಗುಳಿ ಅಂಚೆಗೆ ಹಾಕಿದ್ದಕ್ಕೆ ಪ್ರತಿಯಾಗಿ ಬಂದ ನಲವತ್ತೆರಡು ಪುಟಗಳಲ್ಲಿ, ಎಂಟಿಎಚ್‌ಎಫ್‌ಆರ್ ಎಂಬ ವಂಶವಾಹಿಯ ಡಿಎನ್‌ಎ ಬರಹದ 677ನೆಯ ಸ್ಥಾನದಲ್ಲಿ ಸಿ ಎಂಬ ಅಕ್ಷರ ಇರಬೇಕಾದಲ್ಲಿ ಟಿ ಇದೆ, ಅದೂ ತಾಯಿಯ ಕಡೆಯಿಂದ ಒಂದು, ತಂದೆಯ ಕಡೆಯಿಂದ ಒಂದು, ಹೀಗೆ ಎರಡು ಟಿಗಳಿವೆ ಎಂಬ ಒಂದೇ ಸಂಗತಿಯನ್ನು ನಾನಾ ರೀತಿಯಲ್ಲಿ ಹೇಳಲಾಗಿತ್ತು. ಈ ಬದಲಾವಣೆಯ ಫಲವಾಗಿ, 656 ಅಮೈನೋ ಆಮ್ಲಗಳನ್ನು ಪೋಣಿಸಿ ಮಾಡಿದ ಕಿಣ್ವವೊಂದರ 222ನೆಯ ಮಣಿ ಅಲನಿನ್ ಆಗುವ ಬದಲು ವ್ಯಾಲಿನ್ ಆಗುತ್ತದೆ. ಇಷ್ಟು ಸತ್ಯ. ಈ ಒಂದು ಮಣಿಯಿಂದ ಉಂಟಾಗುತ್ತದೆಂದು ಮುಂದಿನ ಪುಟಗಳಲ್ಲಿ ಹೇಳಲಾಗಿದ್ದವು ಇವು: ಆಯಾಸ, ತಲೆನೋವು, ಮರೆವು, ಮುಂಗೋಪ, ಕೀಲುನೋವು, ಕೂದಲುದುರುವಿಕೆ, ನಿದ್ದೆ ಬಾರದಿರುವುದು ಮತ್ತು, ಪುಟ ತಿರುವಿದ ಮೇಲೆ, ಅತಿಯಾಗಿ ನಿದ್ದೆ ಬರುವುದು. ಕೊನೆಯ ಎರಡನ್ನು ಒಟ್ಟಿಗೆ ಓದಿದ ಮೇಲೆ ನನಗೂ ಈ ದೋಷವಿರುವುದರಲ್ಲಿ ಸಂಶಯ ಉಳಿಯಲಿಲ್ಲ.

ಕರಡು ತಿದ್ದುವವನ ಮೊದಲ ಆಕ್ಷೇಪ ‘ದೋಷ’ ಎಂಬ ಪದದ ಬಗ್ಗೆಯೇ ಇದೆ. ಹಸ್ತಪ್ರತಿಗಳನ್ನು ಇಟ್ಟುಕೊಂಡು ಹಳೆಯ ಗ್ರಂಥವನ್ನು ಸಂಪಾದಿಸುವವರು, ನೂರರಲ್ಲಿ ಒಂದು ಪ್ರತಿಯಲ್ಲಿ ಮಾತ್ರ ಕಾಣುವ ವಿಚಿತ್ರ ಅಕ್ಷರವನ್ನು ಲಿಪಿಕಾರನ ಪ್ರಮಾದವೆನ್ನುತ್ತಾರೆ. ಅರ್ಧದಷ್ಟು ಪ್ರತಿಗಳಲ್ಲಿ ಸಿಗುವುದನ್ನು ಪಾಠಾಂತರವೆಂದು ಗೌರವದಿಂದ ಅಡಿಟಿಪ್ಪಣಿಯಲ್ಲಿ ಕೂರಿಸುತ್ತಾರೆ. ಈ ಟಿ ಎಷ್ಟು ಸಾಮಾನ್ಯವೆಂದರೆ, 2003ರಲ್ಲಿ ಹಲವು ದೇಶಗಳ ನವಜಾತ ಶಿಶುಗಳನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂ ಕಡೆಯಿಂದ ಟಿ ಪಡೆದವರ ಪ್ರಮಾಣ ಉತ್ತರ ಚೀನಾದಲ್ಲಿ ಸುಮಾರು ಶೇ. 20, ದಕ್ಷಿಣ ಇಟಲಿಯಲ್ಲಿ ಶೇ. 26, ಮೆಕ್ಸಿಕೊದಲ್ಲಿ ಶೇ. 32 ಇತ್ತು. ವರದಿಯ ಪಟ್ಟಿ ನಿಜವಾಗಿದ್ದರೆ ಮೆಕ್ಸಿಕೊದ ಮೂರನೆಯ ಒಂದು ಭಾಗದ ಜನ ಇಷ್ಟು ಹೊತ್ತಿಗೆ ಹಾಸಿಗೆ ಹಿಡಿದಿರಬೇಕಿತ್ತು, ದಕ್ಷಿಣ ಇಟಲಿಯ ನಾಲ್ವರಲ್ಲಿ ಒಬ್ಬರು ತಮ್ಮ ಹೆಸರನ್ನೇ ಮರೆತಿರಬೇಕಿತ್ತು. ಅಲ್ಲಿನವರು ಉಗುಳನ್ನು ಅಂಚೆಗೆ ಹಾಕಿಲ್ಲವಾದ್ದರಿಂದ ತಾವು ಕಾಯಿಲೆಯವರೆಂಬುದು ಅವರಿಗೆ ಇನ್ನೂ ತಿಳಿದಿಲ್ಲವೆಂದು ಕಾಣುತ್ತದೆ.

ಈ ಕಿಣ್ವ ಮಾಡುವ ಕೆಲಸವೇನೆಂಬುದನ್ನು ವರದಿ ಮೂರು ಸಾಲಿನಲ್ಲಿ ಮುಗಿಸಿ ಭಯದ ಕಡೆಗೆ ಹೊರಳಿತ್ತು. ನನಗೆ ಮಾತ್ರ ಆ ಮೂರು ಸಾಲುಗಳೇ ಹೆಚ್ಚು ಸ್ವಾರಸ್ಯಕರವೆನಿಸಿದವು. ಸೊಪ್ಪು, ಬೇಳೆಕಾಳುಗಳಲ್ಲಿ ಇರುವ ಫೋಲೇಟ್ ಎಂಬ ಬಿ ವಿಟಮಿನ್ ದೇಹದಲ್ಲಿ ಹಲವು ವೇಷ ತಾಳುತ್ತದೆ. ಒಂದು ವೇಷದಲ್ಲಿ ಅದು ಡಿಎನ್‌ಎ ತಯಾರಿಕೆಗೆ ನೆರವಾಗುತ್ತದೆ. ಇನ್ನೊಂದು ವೇಷದಲ್ಲಿ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಮೀಥೈಲ್ ಎಂಬ ಪುಟ್ಟ ಗುಂಪನ್ನು ದಾನ ಮಾಡಿ ಅದನ್ನು ಮೆಥಿಯೊನಿನ್ ಆಗಿಸುತ್ತದೆ. ಮೊದಲ ವೇಷದಿಂದ ಎರಡನೆಯ ವೇಷಕ್ಕೆ ದಾಟಿಸುವ ಬಾಗಿಲು ಕಾಯುವವನೇ ನಮ್ಮ ಆರೋಪಿ. ಟಿ ಇರುವಲ್ಲಿ ಈತ ಸ್ವಲ್ಪ ನಿಧಾನಿ, ಆದ್ದರಿಂದ ಫೋಲೇಟ್‌ನ ತುಸು ಹೆಚ್ಚಿನ ಪಾಲು ಡಿಎನ್‌ಎ ಕೆಲಸದ ಕಡೆಯೇ ಉಳಿಯುತ್ತದೆ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಥೈಮಿನ್ ಎಂಬ ಟಿಯ ಮೊಳೆಯನ್ನು ಎರಕ ಹೊಯ್ಯುವುದಕ್ಕೂ ಫೋಲೇಟ್ ಬೇಕೆಂಬುದು, ಅಕ್ಷರಗಳ ನಡುವೆ ಬದುಕಿದ ನನಗೆ ಬಹಳ ಹಿಡಿಸಿದ ಸಂಗತಿ. ಆಹಾರದಲ್ಲಿ ಫೋಲೇಟ್ ಸಾಕಷ್ಟಿರುವಾಗ ಎರಡು ಟಿ ಇರುವವರಿಗೆ ದೊಡ್ಡಕರುಳಿನ ಕ್ಯಾನ್ಸರಿನ ಸಾಧ್ಯತೆ ಕಡಿಮೆಯಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಇದಕ್ಕೂ ಬಹುಶಃ ಈ ಹಂಚಿಕೆಯೇ ಕಾರಣವಿರಬಹುದೆಂಬ ಊಹೆಯಿದೆ. ನಲವತ್ತೆರಡು ಪುಟಗಳಲ್ಲಿ ಈ ವಾಕ್ಯಕ್ಕೆ ಮಾತ್ರ ಜಾಗ ಸಾಲದೆ ಹೋಗಿತ್ತು.

ಜಾಗ ಸಿಕ್ಕಿದ್ದು ಇನ್ನೊಂದು ವಾಕ್ಯಕ್ಕೆ: ‘ನಿಮ್ಮ ಕಿಣ್ವ ಕೇವಲ ಶೇ. 30ರಷ್ಟು ಮಾತ್ರ ಕೆಲಸ ಮಾಡುತ್ತಿದೆ.’ ಕೇವಲ ಮತ್ತು ಮಾತ್ರ ಒಟ್ಟಿಗೆ ಬರಬಾರದೆಂಬ ವ್ಯಾಕರಣದ ಮಾತು ಹಾಗಿರಲಿ. ಈ ರೂಪಾಂತರವನ್ನು ಅದರ ವಂಶವಾಹಿ ಕಾರಣ ತಿಳಿಯುವ ಮೊದಲೇ, 1988ರಲ್ಲಿ, ಗುರುತಿಸಿದ್ದು ಪ್ರಯೋಗಾಲಯದಲ್ಲಿ ಜೀವಕೋಶಗಳ ಸಾರವನ್ನು 46 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಈ ಕಿಣ್ವ ಬೇಗ ಸೋತುಬಿದ್ದದ್ದರಿಂದ; 677ನೆಯ ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದ್ದು 1995ರಲ್ಲಿ. ನಾಲ್ವತ್ತಾರು ಡಿಗ್ರಿಯ ಜ್ವರ ಬಂದವರಿಗೆ ಕಿಣ್ವದ ಚಿಂತೆ ಇರಲಾರದು ಎಂಬುದು ನನ್ನ ವೈಯಕ್ತಿಕ ಅಭಿಪ್ರಾಯ. ನಳಿಗೆಯಲ್ಲಿ ಶೇ. 30ಕ್ಕೆ ಇಳಿಯುವ ಈ ಸಾಮರ್ಥ್ಯ ದೇಹದಲ್ಲಿ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂದು ಕೇಳಿದರೆ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೊಡುವ ಉತ್ತರ ಹೀಗಿದೆ: ಮಾತ್ರೆಗಳಲ್ಲಿ ಬಳಸುವ ಫೋಲೇಟ್ ರೂಪವಾದ ಫೋಲಿಕ್ ಆಮ್ಲವನ್ನು ಒಂದೇ ಪ್ರಮಾಣದಲ್ಲಿ ಸೇವಿಸಿದಾಗ, ಎರಡು ಟಿ ಇರುವವರ ರಕ್ತದಲ್ಲಿ ಫೋಲೇಟ್ ಮಟ್ಟ ಎರಡು ಸಿ ಇರುವವರಿಗಿಂತ ಸುಮಾರು ಶೇ. 16ರಷ್ಟು ಕಡಿಮೆ. ಶೇ. 70ರ ನಷ್ಟವೆಂದು ಎದೆ ಬಡಿದುಕೊಂಡವರಿಗೆ ಶೇ. 16 ಎಂದು ಸಮಾಧಾನ ಹೇಳಹೋದರೆ, ಅವರು ಬೇಸರಪಟ್ಟುಕೊಳ್ಳುತ್ತಾರೆಯೇ ಹೊರತು ಸಂತೋಷಪಡುವುದಿಲ್ಲ. ನನ್ನ ಮಿತ್ರರೂ ಹಾಗೆಯೇ, ಏನನ್ನೋ ಕಸಿದುಕೊಂಡವನನ್ನು ನೋಡುವಂತೆ ನನ್ನನ್ನು ನೋಡಿದರು.

ಹಾಗಾದರೆ ಅಷ್ಟುದ್ದದ ಕಾಯಿಲೆಗಳ ಪಟ್ಟಿ ಬಂದದ್ದು ಎಲ್ಲಿಂದ? ಇದೇ ಕಿಣ್ವ ಬಹುತೇಕ ಇಲ್ಲವೇ ಇಲ್ಲವೆನ್ನುವಂತಹ ತೀವ್ರ ಕೊರತೆಯೊಂದಿದೆ. ಅದು ಬಹಳ ಅಪರೂಪ, ಅದಕ್ಕೆ ಕಾರಣವಾಗುವ ಅಕ್ಷರಗಳೇ ಬೇರೆ, ಮತ್ತು ಅದರಲ್ಲಿ ಎಳೆಯ ಮಕ್ಕಳು ಅಪಸ್ಮಾರ, ಬೆಳವಣಿಗೆಯ ಕುಂಠಿತ ಮೊದಲಾದ ನಿಜವಾದ ಸಂಕಟಗಳಿಗೆ ತುತ್ತಾಗುತ್ತಾರೆ. ಆ ರೋಗದ ಲಕ್ಷಣಗಳನ್ನು ಕಡ ತಂದು, ಸ್ವಲ್ಪ ನೀರು ಬೆರೆಸಿ, ಅದಕ್ಕೆ ದಣಿದು ಮನೆಗೆ ಬರುವ ಪ್ರತಿಯೊಬ್ಬ ಮನುಷ್ಯನ ಸಂಜೆಯ ಅನುಭವವನ್ನು ಸೇರಿಸಿದರೆ ವರದಿಯ ಏಳನೆಯ ಪುಟ ಸಿದ್ಧವಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಗೆ ಇದು ಹೊಸ ಪಾಠಾಂತರವೆನ್ನಬಹುದು. ಇಲ್ಲಿ ಎಮ್ಮೆಯೇ ಹಣ ಕೊಟ್ಟು ಬರೆ ಹಾಕಿಸಿಕೊಳ್ಳುತ್ತದೆ ಎಂಬುದಷ್ಟೇ ವ್ಯತ್ಯಾಸ.

ಹೃದಯದ ವಿಚಾರಕ್ಕೆ ಬಂದರೆ ಒಂದು ಕಾಲಕ್ಕೆ ಗಂಭೀರವಾದ ವಾದವೇ ಇತ್ತು. ಹೋಮೋಸಿಸ್ಟೀನ್ ಹೆಚ್ಚಾದರೆ ರಕ್ತನಾಳಗಳು ಕೆಡುತ್ತವೆ ಎಂಬ ಮಾತನ್ನು 1969ರಲ್ಲಿ ಅಮೆರಿಕದ ವೈದ್ಯ ಕಿಲ್ಮರ್ ಮೆಕಲ್ಲಿ ಮುಂದಿಟ್ಟಿದ್ದರು. ಎರಡು ಟಿ ಇರುವವರಲ್ಲಿ, ಅದರಲ್ಲೂ ಫೋಲೇಟ್ ಕಡಿಮೆ ತಿನ್ನುವವರಲ್ಲಿ, ಅದು ಹೆಚ್ಚುವುದೂ ನಿಜ. 2006ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಬಿ ವಿಟಮಿನ್‌ಗಳಿಂದ ಹೋಮೋಸಿಸ್ಟೀನ್ ವಿಧೇಯವಾಗಿ ಇಳಿಯಿತು, ಹೃದಯಾಘಾತಗಳು ಮಾತ್ರ ಇಳಿಯಲಿಲ್ಲ. ಫೋಲಿಕ್ ಆಮ್ಲವನ್ನು ಹಿಟ್ಟಿಗೆ ಬೆರೆಸದ ಚೀನಾದಲ್ಲಿ, ಅಧಿಕ ರಕ್ತದೊತ್ತಡವಿದ್ದ 20 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾತ್ರ, ರಕ್ತದೊತ್ತಡದ ಔಷಧದ ಜೊತೆಗೆ ಫೋಲಿಕ್ ಆಮ್ಲವನ್ನೂ ಕೊಟ್ಟವರಲ್ಲಿ, ಮೊದಲ ಪಾರ್ಶ್ವವಾಯು ಐದರಲ್ಲಿ ಒಂದು ಭಾಗದಷ್ಟು ಕಡಿಮೆಯಾಯಿತು. ಅಂದರೆ ತಟ್ಟೆಯಲ್ಲಿ ಏನಿತ್ತು ಎಂಬ ಪ್ರಶ್ನೆ ಅಕ್ಷರದಷ್ಟೇ ಮುಖ್ಯ. ಇನ್ನು ಪದೇ ಪದೇ ಗರ್ಭಪಾತವಾದವರಿಗೂ ರಕ್ತ ಹೆಪ್ಪುಗಟ್ಟುವ ತೊಂದರೆಯವರಿಗೂ ಈ ಪರೀಕ್ಷೆಯನ್ನು ಮಾಡಿಸಬೇಕಾಗಿಲ್ಲವೆಂದು ಅಮೆರಿಕದ ವೈದ್ಯಕೀಯ ತಳಿವಿಜ್ಞಾನಿಗಳ ಕಾಲೇಜು 2013ರಲ್ಲೇ ಬರೆದಿದೆ. ವೈದ್ಯರು ಬೇಡವೆಂದದ್ದನ್ನು ಅಂಚೆಯವನು ತಂದುಕೊಡುತ್ತಾನೆ, ಇದಕ್ಕೆ ಪ್ರಜಾಪ್ರಭುತ್ವವೆಂದು ಹೆಸರು.

ಮೂವತ್ತೊಂದನೆಯ ಪುಟದಿಂದ ಪರಿಹಾರಕಾಂಡ ಆರಂಭವಾಗುತ್ತದೆ. ರೋಗವನ್ನು ಕಂಡುಹಿಡಿದವರೇ ಔಷಧವನ್ನೂ ಮಾರುವುದರಿಂದ ಗ್ರಾಹಕರಿಗೆ ಓಡಾಟ ತಪ್ಪುತ್ತದೆ. ಇಲ್ಲಿ ‘ಮೀಥೈಲ್’ ಎಂಬುದು ಪ್ರಶಸ್ತಿಯಂತೆ ಪ್ರತಿಯೊಂದು ಡಬ್ಬಿಯ ಹೆಸರಿನ ಹಿಂದೆ ಅಂಟಿಕೊಂಡಿದೆ, ಬೆಲೆಯೂ ಪ್ರಶಸ್ತಿ ಪಡೆದವರ ಗೌರವಧನದಂತೆ ಏರಿದೆ. ಸೋಮಾರಿ ಕಿಣ್ವವನ್ನು ಬದಿಗಿಟ್ಟು ಸಿದ್ಧ ಮೀಥೈಲ್‌ಫೋಲೇಟನ್ನೇ ನುಂಗಿಬಿಡಿ ಎಂಬುದು ವಾದ. ಆ ಸಿದ್ಧ ಫೋಲೇಟ್ ತನ್ನಲ್ಲಿದ್ದ ಒಂದು ಮೀಥೈಲನ್ನು ಹೋಮೋಸಿಸ್ಟೀನ್‌ಗೆ ಕೊಟ್ಟ ಮರುಗಳಿಗೆಯೇ ಎಲ್ಲರಂತೆ ಬರಿಗೈಯಾಗಿ, ಮತ್ತೊಂದು ಮೀಥೈಲ್ ಬೇಕಾದರೆ ಅದೇ ನಿಧಾನಿ ಬಾಗಿಲವನ ಮುಂದೆ ಸರದಿಯಲ್ಲಿ ನಿಲ್ಲಬೇಕಾಗುತ್ತದೆ ಎಂಬುದನ್ನು ಡಬ್ಬಿಯ ಮೇಲೆ ಬರೆಯುವುದಿಲ್ಲ. ರಹದಾರಿ ಒಂದೇ ಸುತ್ತಿನದು.

ಇಷ್ಟರವರೆಗೆ ನಗಬಹುದು. ಆದರೆ ಮೂವತ್ಮೂರನೆಯ ಪುಟದಲ್ಲಿ, ಈ ಅಕ್ಷರವಿರುವವರಿಗೆ ಮಾಮೂಲಿ ಫೋಲಿಕ್ ಆಮ್ಲ ವಿಷವಿದ್ದಂತೆ, ಅದನ್ನು ಗರ್ಭಿಣಿಯರೂ ಮುಟ್ಟಬಾರದು ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗದಲ್ಲಿ, ಹಿಂದೆ ಮಿದುಳು ಇಲ್ಲವೇ ಮಿದುಳುಬಳ್ಳಿಯ ಹುಟ್ಟುದೋಷವಿದ್ದ ಮಗುವನ್ನು ಹೆತ್ತಿದ್ದ ತಾಯಂದಿರಲ್ಲಿ ಅದು ಮರುಕಳಿಸುವುದನ್ನು ಶೇ. 72ರಷ್ಟು ತಡೆದದ್ದು ಇದೇ ಮಾಮೂಲಿ ಫೋಲಿಕ್ ಆಮ್ಲ. ಫಲಿತಾಂಶ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. 1998ರಿಂದ ಅಮೆರಿಕ ಅದನ್ನು ಹಿಟ್ಟಿಗೆ ಬೆರೆಸುವುದನ್ನು ಕಡ್ಡಾಯ ಮಾಡಿತು. ಎರಡು ಟಿ ಇರುವ ತಾಯಂದಿರ ಮಕ್ಕಳಿಗೆ ಈ ದೋಷದ ಸಾಧ್ಯತೆ ತುಸು ಹೆಚ್ಚು. ಆದ್ದರಿಂದ ಯಾರಿಗೆ ಅದು ಎಲ್ಲರಿಗಿಂತ ಹೆಚ್ಚು ಬೇಕೋ ಅವರ ಕೈಯಿಂದಲೇ ಅದನ್ನು ಕಸಿಯುವ ಸಲಹೆ ಇದು. ಎಷ್ಟು ಟಿ ಇದ್ದರೂ ಗರ್ಭ ಧರಿಸಬಹುದಾದವರಿಗೆ ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವೇ ಸಾಕೆಂದು ಸಿಡಿಸಿ ಹೇಳುತ್ತದೆ. ನಾನು ಕೆಂಪು ಪೆನ್ನನ್ನು ಬಳಸಿದ್ದು ಆ ಒಂದು ಪುಟದಲ್ಲಿ ಮಾತ್ರ, ಮೂಲೆಯಿಂದ ಮೂಲೆಗೆ.

ಇಡೀ ವರದಿಯಲ್ಲಿ ಬಿ2 ಎಂಬ ರೈಬೋಫ್ಲೇವಿನ್‌ಗೆ ಅರ್ಧ ಸಾಲೂ ಸಿಕ್ಕಿರಲಿಲ್ಲ. ಈ ಕಿಣ್ವ ಕೆಲಸ ಮಾಡಲು ಬಿ2ರಿಂದ ತಯಾರಾದ ಒಂದು ಸಹಾಯಕ ಅಣು ಅದಕ್ಕೆ ಅಂಟಿಕೊಂಡಿರಬೇಕು. ಟಿ ರೂಪದಲ್ಲಿ ಆ ಅಣು ಬೇಗ ಜಾರಿ ಬೀಳುವುದೇ ನಿಧಾನಕ್ಕೆ ನಿಜವಾದ ಕಾರಣ. ದಿನಕ್ಕೆ 1.6 ಮಿಲಿಗ್ರಾಂ ರೈಬೋಫ್ಲೇವಿನ್ ಕೊಟ್ಟಾಗ ಎರಡು ಟಿ ಇರುವವರಲ್ಲಿ ಹೋಮೋಸಿಸ್ಟೀನ್ ಇಳಿದದ್ದನ್ನೂ ರಕ್ತದೊತ್ತಡ ಇಳಿದದ್ದನ್ನೂ ಉತ್ತರ ಐರ್ಲೆಂಡಿನ ಸಂಶೋಧಕರು ತೋರಿಸಿದ್ದಾರೆ. ಅಕ್ಷರವನ್ನೂ ಆಹಾರವನ್ನೂ ನೇರವಾಗಿ ಜೋಡಿಸುವ ಇಂಥ ಸಂಗತಿಯನ್ನು ಬಿಟ್ಟದ್ದೇಕೆ? ಬಿ2 ಹಾಲಿನಲ್ಲಿಯೂ ಮೊಟ್ಟೆಯಲ್ಲಿಯೂ ಸಿಗುವ ಅಗ್ಗದ ವಸ್ತು, ಅದರ ಹೆಸರಿನ ಹಿಂದೆ ಮೀಥೈಲ್ ಪ್ರಶಸ್ತಿಯೂ ಇಲ್ಲ. ಹಸಿರು ಸೊಪ್ಪಿನ ಪ್ರಸ್ತಾಪ ನಲವತ್ತನೆಯ ಪುಟದಲ್ಲಿ, ಹಕ್ಕುಬಾಧ್ಯತೆಗಳ ಸಣ್ಣ ಅಕ್ಷರಗಳಿಗೆ ಸ್ವಲ್ಪ ಮೊದಲು ಬರುತ್ತದೆ. 1941ರಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪನ್ನು ಅರೆದು ಚಿಟಿಕೆಯಷ್ಟು ಫೋಲಿಕ್ ಆಮ್ಲ ತೆಗೆದವರು, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದಲೇ ಅದಕ್ಕೆ ಹೆಸರಿಟ್ಟರು. ಬೆಟ್ಟ ಅಗೆದು ಇಲಿ ಹಿಡಿದದ್ದು ಸಾರ್ಥಕವಾದ ಅಪರೂಪದ ಉದಾಹರಣೆ ಅದು. ಎಲೆಯೆಂದೇ ಹೆಸರಿರುವ ವಿಟಮಿನ್‌ಗಾಗಿ ಎಲೆ ತಿನ್ನಿರೆಂದು ಹೇಳಲು ನಲವತ್ತು ಪುಟ ಕಾಯಿಸಿದ್ದು ವರದಿಕಾರರ ಸಂಯಮಕ್ಕೆ ಸಾಕ್ಷಿ.

ಮಿತ್ರರು ಎಲ್ಲವನ್ನೂ ಕೇಳಿಸಿಕೊಂಡು ವರದಿಯನ್ನು ಬಗಲಿಗಿಟ್ಟುಕೊಂಡು ಹೊರಟುಹೋದರು. ಮೂರು ವಾರಗಳ ಮೇಲೆ ಮತ್ತೆ ಬಂದಾಗ ಅವರ ಕೈಯಲ್ಲಿ ಇನ್ನೊಂದು ಸಂಸ್ಥೆಯ ವರದಿಯಿತ್ತು, ಮುಖ ಮೊದಲಿಗಿಂತ ಬಾಡಿತ್ತು. “ಎರಡನೆಯ ಅಭಿಪ್ರಾಯ ಇರಲೆಂದು ಮಾಡಿಸಿದೆ. ಅವರು ಟಿ ಟಿ ಎಂದಿದ್ದರು, ಇವರು ಎ ಎ ಅನ್ನುತ್ತಿದ್ದಾರೆ. ಮೂರೇ ವಾರದಲ್ಲಿ ಇನ್ನೂ ಒಂದು ಅಕ್ಷರ ಕೆಟ್ಟಿತಲ್ಲ!” ಎಂದರು. ಡಿಎನ್‌ಎಗೆ ಎರಡು ಎಳೆಗಳಿವೆ, ಒಂದರ ಟಿಗೆ ಎದುರಾಗಿ ಇನ್ನೊಂದರಲ್ಲಿ ಯಾವಾಗಲೂ ಎ ನಿಂತಿರುತ್ತದೆ, ಮೊದಲಿನವರು ಒಂದು ಎಳೆಯನ್ನು ಓದಿದ್ದಾರೆ, ಇವರು ಎದುರಿನ ಎಳೆಯನ್ನು ಓದಿದ್ದಾರೆ, ಅಕ್ಷರ ಅದೇ, ಸ್ಥಳವೂ ಅದೇ ಎಂದು ಕಾಗದದ ಮೇಲೆ ಏಣಿಯ ಚಿತ್ರ ಬರೆದು ಬಹಳ ಹೊತ್ತು ವಿವರಿಸಿದೆ. ಅವರು ಚಿತ್ರವನ್ನು ತಿರುಗಿಸಿ ನೋಡಿದರು, ಮತ್ತೆ ನೆಟ್ಟಗೆ ಹಿಡಿದು ನೋಡಿದರು. ಆಮೇಲೆ ಜೇಬಿನಿಂದ ಹೊಸ ಡಬ್ಬಿಯೊಂದನ್ನು ತೆಗೆದು, “ಇರಲಿ, ಎಗೆ ಬೇರೆ ಮಾತ್ರೆ ಕೊಟ್ಟಿದ್ದಾರೆ, ಟಿಯದು ಊಟಕ್ಕೆ ಮೊದಲು, ಎಯದು ಊಟವಾದ ಮೇಲೆ” ಎಂದರು.