ಸ್ಪಷ್ಟನೆ: ಟ್ರ್ಯಾಕ್‌ಗೆ ಹೋಗುವ ಟರ್ಬೊ ಕಾರಿಗೆ ಡಾಟ್ 5 ಬ್ರೇಕ್ ಆಯಿಲ್ ಬೇಡ

‘ಡಾಟ್ 4ಕ್ಕಿಂತ ಡಾಟ್ 5 ದೊಡ್ಡ ನಂಬರ್, ಟ್ರ್ಯಾಕ್‌ಗೆ ಅದೇ ಹಾಕಿ’ ಎಂಬ ಸಲಹೆ, ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಂಥ ಟರ್ಬೊ ಕಾರುಗಳ ಮಾಲೀಕರ ನಡುವೆ ಓಡಾಡುತ್ತಿದೆ. ಇದು ತಪ್ಪು, ಅಪಾಯಕಾರಿಯೂ ಹೌದು.

ಡಾಟ್ ಎಂಬುದು ಬ್ರೇಕ್ ಆಯಿಲ್‌ನ ದರ್ಜೆಯ ಗುರುತು. ಡಾಟ್ 3, 4 ಮತ್ತು 5.1 ನೀರು ಹೀರುವ ಗ್ಲೈಕಾಲ್ ರಾಸಾಯನಿಕದ ಬಗೆಯವು. ಡಾಟ್ 5 ಮಾತ್ರ ಸಿಲಿಕೋನ್. ಇವೆರಡೂ ಬೆರೆಯುವುದಿಲ್ಲ. ಸಿಲಿಕೋನಿನಲ್ಲಿ ಗಾಳಿಗುಳ್ಳೆ ಸುಲಭವಾಗಿ ಉಳಿಯುತ್ತದೆ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಪಂಪ್ ಅದನ್ನು ಇನ್ನಷ್ಟು ನೊರೆ ಮಾಡುತ್ತದೆ, ಪೆಡಲ್ ಸ್ಪಂಜಿನಂತಾಗುತ್ತದೆ. ಸಿಲಿಕೋನ್ ನೀರು ಹೀರದಿರುವುದೂ ಲಾಭವಲ್ಲ: ಒಳಸೇರಿದ ತೇವ ಕ್ಯಾಲಿಪರ್‌ನಲ್ಲಿ (ಚಕ್ರದ ಬಳಿ ಬ್ರೇಕ್ ಪ್ಯಾಡ್ ಒತ್ತುವ ಭಾಗ) ನಿಂತು 100 ಡಿಗ್ರಿ ದಾಟಿದರೆ ಆವಿಯಾಗಿ ಪೆಡಲ್ ಮೆತ್ತಗಾಗಬಹುದು.

ನೋಡಬೇಕಾದದ್ದು ಕುದಿಬಿಂದು. ಡಾಟ್ 4ಕ್ಕೆ ಕನಿಷ್ಠ ಮಿತಿ ಹೊಸದರಲ್ಲಿ 230 ಡಿಗ್ರಿ, ಶೇ 3.7ರಷ್ಟು ನೀರು ಹೀರಿದ ಮೇಲೆ 155. ಡಾಟ್ 5.1ಕ್ಕೆ 260 ಮತ್ತು 180. ಹೊಸದರಲ್ಲಿ 300 ಡಿಗ್ರಿ ಮೀರುವ ರೇಸಿಂಗ್ ಆಯಿಲ್‌ಗಳೂ ಗ್ಲೈಕಾಲ್‌ಗಳೇ, ಆದರೆ ಬೇಗ ಬದಲಿಸಬೇಕು.

ಮನೆಯಲ್ಲೇ ಬದಲಿಸುವುದಾದರೆ ಸೀಲ್ ಒಡೆಯದ ಒಂದು ಲೀಟರ್ ಸಾಕು. ಬಾನೆಟ್ ಕೆಳಗಿರುವ ಬ್ರೇಕ್ ಆಯಿಲ್ ಡಬ್ಬಿಯಲ್ಲಿನ ಹಳೆಯದನ್ನು ಸಿರಿಂಜ್‌ನಿಂದ ಎಳೆದು ಹೊಸದು ತುಂಬಿ. ಯಾವ ಚಕ್ರದ ಹಳೆಯ ಆಯಿಲ್ ಮೊದಲು, ಯಾವುದರದ್ದು ನಂತರ ಹೊರಬಿಡಬೇಕೆಂಬ ಅನುಕ್ರಮವನ್ನು ನಿಮ್ಮ ಕಾರಿನ ಮ್ಯಾನುಯಲ್ ನೋಡಿಯೇ ಹಿಡಿಯಿರಿ. ಸಹಾಯಕರು ಪೆಡಲ್ ನಿಧಾನ ಒತ್ತಿ ಹಿಡಿದಾಗ ಆ ಚಕ್ರದ ಕ್ಯಾಲಿಪರ್‌ನಲ್ಲಿ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಿ, ಪೆಡಲ್ ಬಿಡುವ ಮೊದಲೇ ಬಿಗಿಮಾಡಿ. ನಡುವೆ ಮಟ್ಟ ‘ಮಿನ್’ ಗೆರೆಗಿಂತ ಕೆಳಗಿಳಿದು ಗಾಳಿ ಎಬಿಎಸ್ ಬ್ಲಾಕ್‌ಗೆ ಹೊಕ್ಕರೆ ಅದನ್ನು ತೆಗೆಯಲು ಸ್ಕ್ಯಾನ್ ಟೂಲ್ (ಕಾರಿನ ಕಂಪ್ಯೂಟರ್‌ಗೆ ಜೋಡಿಸುವ ಉಪಕರಣ) ಬೇಕಾಗಬಹುದು. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿಯಿರಿ, ಉಜ್ಜಬೇಡಿ.

ಈಗಾಗಲೇ ಡಾಟ್ 5 ಸುರಿದಿದ್ದರೆ ಪೆಡಲ್ ಮುಟ್ಟದೆ, ಕಾರು ಓಡಿಸದೆ, ಗ್ಯಾರೇಜ್‌ಗೆ ಎಳೆಸಿ.