ಚಂದಾ ಸತ್ಯ, ಜಗತ್ತು ಮಿಥ್ಯೆ

ಕೊನೆಗೂ ತೀರ್ಮಾನ ಆಗಿದೆ. ಸತ್ಯ ಎಂದರೇನು ಎಂದು ಯೋಚಿಸಬೇಕು ಅನ್ನಿಸಿದವರು ಇನ್ನು ಮೇಲೆ ಮೊದಲು ದುಡ್ಡು ಕಟ್ಟಬೇಕು. ಆನ್‌ಲೈನ್ ತತ್ವಚಿಂತಕರ ಬಳಗಕ್ಕೆ ಪೂರ್ತಿಯಾಗಿ ಸೇರಲು ಸದಸ್ಯತ್ವ ಶುಲ್ಕ ಕಡ್ಡಾಯ. ಸಮಿತಿಯವರು ಕೊಡುವ ಕಾರಣ ಸರಳ: ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರುವುದಿಲ್ಲ. ಗಾಳಿ ಪುಕ್ಕಟೆ, ಬೆಳಕು ಪುಕ್ಕಟೆ, ಅನುಮಾನವಂತೂ ಹುಟ್ಟಿದಾಗಿನಿಂದ ಪುಕ್ಕಟೆ. ಹಾಗಾದರೆ ಇವಕ್ಕೆ ಬೆಲೆ ಇಲ್ಲವೇ ಎಂದು ಸಮಿತಿಯನ್ನು ಕೇಳಲು ಹೋಗಬೇಡಿ. ಕೇಳುವುದಕ್ಕೂ ಸದಸ್ಯರಾಗಿರಬೇಕು.

ಅರ್ಜಿ ನಮೂನೆ ನೋಡಿದೆ, ಚೆನ್ನಾಗಿದೆ. ಮೊದಲ ಖಾನೆಯಲ್ಲೇ ‘ನೀವು ಯಾರು?’ ಅಂತ ಇದೆ. ಪಕ್ಕದಲ್ಲೊಂದು ಕೆಂಪು ನಕ್ಷತ್ರ. ಅಂದರೆ ತುಂಬಲೇಬೇಕು. ಅದು ಗೊತ್ತಿದ್ದರೆ ಮನುಷ್ಯ ಇಲ್ಲಿಗೆ ಯಾಕೆ ಬರುತ್ತಿದ್ದ? ಅದರ ಕೆಳಗೆ ‘ನಾನು ರೋಬೋ ಅಲ್ಲ’ ಎಂಬ ಚೌಕ. ಫ್ರಾನ್ಸಿನ ತತ್ವಜ್ಞಾನಿ ರೆನೆ ಡೆಕಾರ್ಟ್ 1641ರಲ್ಲಿ ಇದೇ ವಿಷಯಕ್ಕೆ ತಲೆ ಕೆಡಿಸಿಕೊಂಡಿದ್ದ. ಕಿಟಕಿಯಾಚೆ ಟೋಪಿ, ಕೋಟು ಹಾಕಿಕೊಂಡು ಹೋಗುತ್ತಿರುವವು ಮನುಷ್ಯರೋ ಯಂತ್ರಗಳೋ ಎಂದು ಬರೆದು ಬರೆದು ಸುಸ್ತಾದ. ಪಾಪ, ಒಂದು ಟಿಕ್ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಎಲ್ಲಕ್ಕಿಂತ ಕೆಳಗೆ ‘ಮೇಲಿನ ಎಲ್ಲ ನಿಯಮಗಳನ್ನು ಓದಿ ಒಪ್ಪಿದ್ದೇನೆ’ ಎಂಬ ಸಾಲು. ಪರೀಕ್ಷಿಸದೆ ಯಾವುದನ್ನೂ ಒಪ್ಪಬೇಡ ಎಂಬುದು ಈ ಬಳಗದ ಧ್ಯೇಯವಾಕ್ಯ. ಒಳಗಿರುವವರೆಲ್ಲ ಆ ಸಾಲಿನ ಮುಂದೆ ಓದದೇ ಟಿಕ್ ಹಾಕಿ ಬಂದವರು.

ಸದಸ್ಯತ್ವದಲ್ಲಿ ದರ್ಜೆಗಳೂ ಇವೆ. ದುಡ್ಡು ಕಟ್ಟದೆ ಇಣುಕಿ ನೋಡುವ ಉಚಿತ ಖಾತೆಯವರಿಗೆ ತಿಂಗಳಿಗೆ ಮೂರೇ ಪ್ರಶ್ನೆ. ಬೆಳ್ಳಿಯವರಿಗೆ ಪ್ರಶ್ನೆಯ ಜೊತೆ ಉಪಪ್ರಶ್ನೆ. ಚಿನ್ನದವರು ಉತ್ತರವನ್ನೂ ಹೇಳಬಹುದು. ಇದೇನೂ ಹೊಸತಲ್ಲ ಬಿಡಿ. ಹಿಂದೆ ಗ್ರೀಸಿನಲ್ಲಿ ಪ್ರೋಡಿಕಸ್ ಎಂಬ ಪಂಡಿತನಿದ್ದ. ಅವನಲ್ಲಿ 50 ದ್ರಾಖ್ಮಾದ ಉಪನ್ಯಾಸವೂ ಇತ್ತು, 1 ದ್ರಾಖ್ಮಾದ ಉಪನ್ಯಾಸವೂ ಇತ್ತು. ಪ್ಲೇಟೋ ಬರೆದಿಟ್ಟ ಒಂದು ಸಂವಾದದಲ್ಲಿ ಹೆಸರುಗಳ ವಿಚಾರ ಬಂದಾಗ ಸಾಕ್ರಟೀಸ್ ಏನನ್ನುತ್ತಾನೆ ಗೊತ್ತಾ? 50ರದ್ದು ಕೇಳಿದ್ದರೆ ನಿಮಗೆ ಈಗಲೇ ಸತ್ಯ ಹೇಳಿಬಿಡುತ್ತಿದ್ದೆ, ಏನು ಮಾಡಲಿ, ನಾನು ಕೇಳಿದ್ದು 1 ದ್ರಾಖ್ಮಾದ್ದು ಮಾತ್ರ ಅನ್ನುತ್ತಾನೆ. ಸಾಕ್ರಟೀಸ್ ಅದನ್ನು ಹೇಳಿದ್ದು ಕುಟುಕಲು. ನಮ್ಮ ಸಮಿತಿಯವರು ಕುಟುಕನ್ನು ಬಿಟ್ಟು ದರಪಟ್ಟಿಯನ್ನಷ್ಟೇ ಎತ್ತಿಕೊಂಡರು.

ಅದೇ ಕಾಲದ ಪ್ರೊಟಾಗೊರಸ್‌ನ ಪದ್ಧತಿ ಮಾತ್ರ ಅವರಿಗೆ ಹಿಡಿಸಲಿಲ್ಲ. ಅವನೂ ದುಡ್ಡು ತೆಗೆದುಕೊಳ್ಳುತ್ತಿದ್ದ, ಕಡಿಮೆಯೇನಲ್ಲ. ಶಿಲ್ಪಿ ಫಿಡಿಯಾಸ್, ಜೊತೆಗೆ ಇನ್ನೂ ಹತ್ತು ಶಿಲ್ಪಿಗಳು ಸೇರಿ ಗಳಿಸಿದ್ದಕ್ಕಿಂತ ಅವನೊಬ್ಬನೇ ಜಾಸ್ತಿ ಗಳಿಸಿದ ಎಂದು ಪ್ಲೇಟೋ ಸಾಕ್ರಟೀಸನ ಬಾಯಲ್ಲಿ ಹೇಳಿಸುತ್ತಾನೆ. ಆದರೆ ಅವನ ಲೆಕ್ಕ ಪಾಠ ಮುಗಿದ ಮೇಲೆ. ಶಿಷ್ಯನಿಗೆ ಹೇಳುತ್ತಿದ್ದ: ನಾನು ಕೇಳಿದ್ದು ಜಾಸ್ತಿ ಅನ್ನಿಸಿತಾ? ದೇವಸ್ಥಾನಕ್ಕೆ ಹೋಗು. ಕಲಿತದ್ದಕ್ಕೆ ಎಷ್ಟು ಬೆಲೆ ಅಂತ ಆಣೆ ಮಾಡಿ ಹೇಳು. ಅಷ್ಟೇ ಕೊಡು. ಇದನ್ನು ಸಮಿತಿಯ ಖಜಾಂಚಿಗೆ ಹೇಳಿದೆ. ಅವರು ಗಾಬರಿಯಾಗಿ, ‘ಸದಸ್ಯರು ನಿಜ ಹೇಳಿಬಿಟ್ಟರೆ?’ ಎಂದರು.

ಹಾಗಾಗಿ ಕಟ್ಟಿದ ದುಡ್ಡು ವಾಪಸ್ ಇಲ್ಲ. ಆದರೆ ಕೇಳುವವರು ತತ್ವಜ್ಞಾನಿಗಳು, ಸುಮ್ನೆ ಬಿಡ್ತಾರಾ? ಒಬ್ಬರು ಹೆರಾಕ್ಲಿಟಸ್‌ನ ನದಿಯನ್ನೇ ಎಳೆತಂದರು. ಒಂದೇ ನದಿಗೆ ಎರಡು ಸಲ ಇಳಿಯಲಾಗದು ಎಂಬ ಮಾತಿಗೆ ಹೆಸರಾದ ಗ್ರೀಕ್ ತತ್ವಜ್ಞಾನಿ ಅವನು. ಜನವರಿಯಲ್ಲಿ ಸೇರಿದ ವ್ಯಕ್ತಿ ಹರಿದುಹೋಗಿದ್ದಾನೆ, ಈಗಿರುವ ನನ್ನ ಖಾತೆಯಿಂದ ಯಾಕೆ ಕಡಿತ ಮಾಡುತ್ತೀರಿ ಎಂದರು. ಇನ್ನೊಬ್ಬರದು ನೇರ ವಾದ: ಮನುಷ್ಯನಿಗೆ ಸ್ವತಂತ್ರ ಇಚ್ಛೆ ಇಲ್ಲ, ಆದ್ದರಿಂದ ದುಡ್ಡು ಕಟ್ಟುವ ಗುಂಡಿ ಒತ್ತಿದ್ದು ನಾನಲ್ಲ. ಖಜಾಂಚಿ ಒಪ್ಪಿದರು. ಹಾಗೆಯೇ ನಿಮ್ಮ ದುಡ್ಡು ಹಿಡಿದಿಟ್ಟುಕೊಂಡಿರುವುದೂ ನಾನಲ್ಲ ಎಂದರು. ಪ್ರತಿ ವರ್ಷ ತಾನಾಗಿಯೇ ನವೀಕರಣಗೊಳ್ಳುವ ಚಂದಾ ಬೇಡ ಎಂದವರಿಗೆ ಜರ್ಮನ್ ತತ್ವಜ್ಞಾನಿ ನೀತ್ಸೆಯನ್ನು ಓದಲು ಹೇಳಿದರು. ಇದೇ ಬದುಕು ಇದೇ ಕ್ರಮದಲ್ಲಿ ಮತ್ತೆ ಮತ್ತೆ ಬಂದರೂ ನಗುನಗುತ್ತಾ ಒಪ್ಪಿಕೊಳ್ಳಬೇಕಂತೆ. ಚಂದಾ ಯಾವ ಲೆಕ್ಕ?

ದುಡ್ಡು ಬೇಕಾಗುವುದು ಸುಳ್ಳಲ್ಲ. ಸರ್ವರ್‌ಗೆ ಬಾಡಿಗೆ ಕಟ್ಟಬೇಕು. ಮಧ್ಯರಾತ್ರಿ ಕೂತು ಬೈಗುಳ ಅಳಿಸುವವನಿಗೂ ಹೊಟ್ಟೆ ಇದೆ. ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಕೂಡ 1755ರಿಂದ 1770ರವರೆಗೆ ಬಹುಮಟ್ಟಿಗೆ ಪಾಠ ಕೇಳಲು ಬಂದವರು ಕೊಟ್ಟ ಶುಲ್ಕದಲ್ಲೇ ಬದುಕಿದ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ದುಡ್ಡು ಹೊಂದಿಸಲು ಬೇರೆ ದಾರಿಗಳೂ ಇವೆ. ಸ್ಟ್ಯಾನ್‌ಫರ್ಡ್‌ನ ತತ್ವಶಾಸ್ತ್ರ ವಿಶ್ವಕೋಶ 1995ರಿಂದ ಇಂಟರ್ನೆಟ್ಟಿನಲ್ಲಿದೆ. ಯಾರು ಬೇಕಾದರೂ ಪೂರ್ತಿ ಓದಬಹುದು. ಅಚ್ಚುಕಟ್ಟಾದ ಪಿಡಿಎಫ್ ಬೇಕು ಅನ್ನುವವರು ಚಂದಾ ಕೊಟ್ಟು ಅದರ ಗೆಳೆಯರ ಬಳಗ ಸೇರುತ್ತಾರೆ. ವಿಚಾರ ಎಲ್ಲರಿಗೂ, ಪಿಡಿಎಫ್ ಕೊಟ್ಟವರಿಗೆ. ಇದನ್ನೂ ಸಮಿತಿಯ ಮುಂದಿಟ್ಟೆ. ಅಧ್ಯಕ್ಷರು ತುಂಬಾ ಹೊತ್ತು ಯೋಚಿಸಿದರು. ‘ಎಲ್ಲ ಸರಿ ಸಾರ್. ಆದರೆ ಹಾಗೆ ಮಾಡಿದರೆ ಹೊರಗೆ ಯಾರು ಉಳಿತಾರೆ?’ ಎಂದರು.

ಆಗ ನನಗೆ ವಿಷಯ ಅರ್ಥವಾಯಿತು. ಖರ್ಚು ಬರೀ ನೆಪ. ಬಾಗಿಲು ಇದ್ದರೆ ಸಾಲದು, ಅದನ್ನು ತಟ್ಟುತ್ತಾ ನಿಂತವರೂ ಬೇಕು. ಇಲ್ಲದಿದ್ದರೆ ಒಳಗೆ ಕೂತವನಿಗೆ ತಾನು ಜ್ಞಾನಿ ಎಂದು ಗೊತ್ತಾಗುವುದಾದರೂ ಹೇಗೆ?

ದುಡ್ಡು ಕಟ್ಟಿಸಿದರೆ ಕಸ ಬರುವುದಿಲ್ಲ ಎಂಬುದು ಇನ್ನೊಂದು ನಂಬಿಕೆ. ಮೊದಲ ವಾರವೇ ಅದರ ಪರೀಕ್ಷೆ ಆಯಿತು. ಚಿನ್ನದ ದರ್ಜೆಯವರೊಬ್ಬರು, ‘ಬ್ರಹ್ಮಾಂಡದ ಕಂಪನವೇ ಪ್ರಜ್ಞೆ, ಪ್ರಜ್ಞೆಯ ಕಂಪನವೇ ಯಶಸ್ಸು’ ಎಂದು ಬರೆದರು. ನಲವತ್ತು ಜನ ಕೈ ಮುಗಿದರು. ಉಚಿತ ಖಾತೆಯ ಹುಡುಗಿಯೊಬ್ಬಳು ತನ್ನ ಮೂರರಲ್ಲಿ ಒಂದನ್ನು ಖರ್ಚು ಮಾಡಿ, ‘ಸಾರ್, ಹಾಗಂದ್ರೇನು?’ ಎಂದು ಕೇಳಿದಳು. ಅವರು ಎರಡು ದಿನ ಸುಮ್ಮನಿದ್ದರು. ಆಮೇಲೆ ಸಮಿತಿಗೆ ದೂರು ಕೊಟ್ಟರು: ‘ಇಷ್ಟು ದುಡ್ಡು ಕೊಟ್ಟು ಪ್ರಶ್ನೆ ಕೇಳಿಸಿಕೊಳ್ಳಬೇಕೇನ್ರೀ?’ ಅವರ ದೃಷ್ಟಿಯಲ್ಲಿ ಅದು ನ್ಯಾಯವೇ. ದುಡ್ಡು ಕೊಟ್ಟವನು ಗಿರಾಕಿ. ಗಿರಾಕಿ ಹೇಳಿದ್ದು ಯಾವತ್ತೂ ಸರಿ. ಅಂದ ಮೇಲೆ ವಾದದಲ್ಲಿ ಸೋಲಬೇಕಾದವರು ಯಾರು? ಕೂಡಲೇ ತಿದ್ದುಪಡಿ ಬಂತು. ಚಿನ್ನದ ಸದಸ್ಯರ ಮಾತನ್ನು ಇನ್ನು ಖಂಡಿಸುವಂತಿಲ್ಲ. ‘ಹೊಸ ಹೊಳಹು ಸಿಕ್ಕಿತು, ಧನ್ಯವಾದ’ ಎನ್ನಬಹುದು.

ಜನಕನ ಸಭೆಯಲ್ಲಿ ವ್ಯವಹಾರ ಉಲ್ಟಾ ಇತ್ತು. ಅಲ್ಲಿ ಸಾವಿರ ಹಸು, ಅವುಗಳ ಕೊಂಬಿಗೆ ಚಿನ್ನ. ಎಲ್ಲರಿಗಿಂತ ದೊಡ್ಡ ಜ್ಞಾನಿ ಹೊಡೆದುಕೊಂಡು ಹೋಗಲಿ ಎಂದ ರಾಜ. ಯಾಜ್ಞವಲ್ಕ್ಯ ಶಿಷ್ಯನಿಗೆ ಹೇಳಿ ಮಂದೆಯನ್ನೇ ಹೊರಡಿಸಿಬಿಟ್ಟ. ನೀನೇ ದೊಡ್ಡ ಜ್ಞಾನಿಯೋ ಎಂದು ಕೇಳಿದ್ದಕ್ಕೆ, ದೊಡ್ಡ ಜ್ಞಾನಿಗೆ ನಮ್ಮ ನಮಸ್ಕಾರ, ನಮಗೆ ಬೇಕಿರುವುದು ಹಸು ಎಂದ. ದುರಾಸೆ ಅನ್ನಿ, ತಪ್ಪಿಲ್ಲ. ಆದರೆ ತೆಗೆದುಕೊಂಡವನು ಕೂತು ಉತ್ತರ ಕೊಡಬೇಕಾಯಿತು, ಒಬ್ಬರಾದ ಮೇಲೆ ಒಬ್ಬರಿಗೆ. ಗಾರ್ಗಿ ಎರಡು ಸಲ ಎದ್ದು ಕೇಳಿದಳು. ಅವಳ ಹತ್ತಿರ ರಸೀದಿ ತೋರಿಸು ಎಂದು ಯಾರೂ ಹೇಳಲಿಲ್ಲ. ನಮ್ಮಲ್ಲಿ ಮೂರಕ್ಕಿಂತ ಹೆಚ್ಚು ಕೇಳುವವಳೇ ದುಡ್ಡು ಕಟ್ಟಬೇಕು. ಹಸು ಹೊಡೆದುಕೊಂಡು ಹೋದವರು ಮಾತ್ರ ಪ್ಲಾಟಿನಂ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಾರೆ.

ಸಾಕ್ರಟೀಸನ ಅರ್ಜಿ ಬಂದಿದ್ದರೆ ಏನಾಗುತ್ತಿತ್ತು? ಕ್ರಿ.ಪೂ. 399ರಲ್ಲಿ ವಿಚಾರಣೆ ನಡೆದಾಗ, ನಾನು ಯಾರಿಂದಲೂ ಶುಲ್ಕ ಪಡೆದಿಲ್ಲ, ಅದಕ್ಕೆ ನನ್ನ ಬಡತನವೇ ಸಾಕ್ಷಿ ಎಂದಿದ್ದ. ಆ ಸಾಕ್ಷಿಯನ್ನು ನಮ್ಮ ಪಾವತಿ ವ್ಯವಸ್ಥೆ ಸ್ವೀಕರಿಸುವುದಿಲ್ಲ. ಉಚಿತ ಖಾತೆ ಕೊಟ್ಟರೂ ಅವನ ಮೂರು ಪ್ರಶ್ನೆ ಮೊದಲ ಐದು ನಿಮಿಷಕ್ಕೇ ಮುಗಿಯುತ್ತಿತ್ತು. ಅಥೆನ್ಸಿನವರಿಗೆ ವಿಷ ಅರೆಯುವ ಕಷ್ಟ ತಪ್ಪುತ್ತಿತ್ತು.

ಕೊನೆಗೆ ಯಾರೋ ಒಬ್ಬರು ಮೂಲ ಪ್ರಶ್ನೆಯನ್ನೇ ಎತ್ತಿದರು. ತತ್ವಚಿಂತನೆಗೆ ಶುಲ್ಕ ಇಡುವುದು ಸರಿಯೇ ಎಂಬುದು ಕೂಡ ತತ್ವಶಾಸ್ತ್ರದ ಪ್ರಶ್ನೆ ಅಲ್ವಾ, ಚರ್ಚಿಸಿ ಮತಕ್ಕೆ ಹಾಕೋಣ ಎಂದರು. ಸಮಿತಿ ಸಂತೋಷದಿಂದ ಒಪ್ಪಿತು. ಮುಕ್ತ ಚರ್ಚೆ, ಶುಲ್ಕ ಕಟ್ಟಿದವರಿಗೆ ಮಾತ್ರ. ಎಲ್ಲರೂ ಶುಲ್ಕ ಇರಲಿ ಎಂದು ಕೈ ಎತ್ತಿದರು. ಒಬ್ಬರ ಕೈ ಮಾತ್ರ ಮೇಲೇಳಲಿಲ್ಲ. ಅಂತೂ ಒಂದು ಭಿನ್ನಮತ ಇದೆ ಎಂದು ನಾವೆಲ್ಲ ಖುಷಿಪಟ್ಟೆವು. ಖಜಾಂಚಿ ಕಡತ ತೆಗೆದು ನೋಡಿದರು. ಅವರ ಚಂದಾ ಅವಧಿ ಅದೇ ನಿಮಿಷಕ್ಕೆ ಮುಗಿದಿತ್ತು.