ಸಕ್ಕರೆ ಬೇಡಪ್ಪಾ, ಶುಗರ್ ಇದೆ

"ಸಕ್ಕರೆ ಎಷ್ಟು ಹಾಕ್ಲಿ ಸಾರ್?"

"ಬೇಡಪ್ಪಾ, ಶುಗರ್ ಇದೆ."

ಈ ಎರಡು ಸಾಲನ್ನು ಹೊರದೇಶದವನ ಕೈಗೆ ಕೊಟ್ಟು ನೋಡಿ, ತಲೆ ಕೆರೆದುಕೊಳ್ಳುತ್ತಾನೆ. ನಮ್ಮ ಮದುವೆ ಛತ್ರದ ಕಾಫಿ ಹುಡುಗನಿಗೆ ಅಷ್ಟೂ ಕ್ಷಣದಲ್ಲಿ ಅರ್ಥವಾಗುತ್ತದೆ. ಡಿಕಾಕ್ಷನ್‌ಗೆ ಹಾಲು ಬೆರೆಸಿ, ನೊರೆ ಏಳುವ ಹಾಗೆ ಎತ್ತಿ ಹುಯ್ದು, ಲೋಟ ಮುಂದಕ್ಕೆ ತಳ್ಳುತ್ತಾನೆ. ಯಜಮಾನರು ಜುಬ್ಬಾದ ಜೇಬಿನಿಂದ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಅದರ ನೆತ್ತಿ ಒತ್ತುತ್ತಾರೆ. ಟಿಕ್. ಟಿಕ್. ಎರಡು ಗುಳಿಗೆ ಹಬೆಯಾಡುವ ಕಾಫಿಯೊಳಗೆ ಮುಳುಗುತ್ತವೆ.

"ಅಯ್ಯೋ ಭಾವನವರೇ, ಅದರಿಂದ ಕ್ಯಾನ್ಸರ್ ಬರತ್ತಂತೆ ಕಣ್ರೀ! ವಾಟ್ಸಾಪಲ್ಲಿ ನೋಡ್ಲಿಲ್ವಾ?" ಎಂದು ಪಕ್ಕದ ಕುರ್ಚಿಯವರು ಹೌಹಾರುತ್ತಾರೆ. ಹೌಹಾರಿದ ಬಾಯಿಯ ಎಡದವಡೆಯಲ್ಲಿ ಸಿಹಿ ಅಡಿಕೆ ಪುಡಿ ಇದೆ.

ಈ ಒಂದೂವರೆ ಅಡಿ ಜಾಗದಲ್ಲಿ ಕ್ಯಾನ್ಸರ್ ಎಲ್ಲೆಲ್ಲಿ ಕೂತಿದೆ ಎಂದು ಸ್ವಲ್ಪ ಹುಡುಕೋಣ. ಫ್ರಾನ್ಸಿನ ಲಿಯಾನ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಐಎಆರ್‌ಸಿ ಎಂಬ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ. ಕ್ಯಾನ್ಸರ್ ತರುತ್ತದೋ ಇಲ್ಲವೋ ಎಂದು ಕಂಡಕಂಡ ವಸ್ತುಗಳಿಗೆಲ್ಲ ದರ್ಜೆ ಕೊಡುವುದು ಅದರ ಕಸುಬು. ಗುಳಿಗೆಯಲ್ಲಿರುವುದು ಆಸ್ಪರ್ಟೇಮ್ ಎಂಬ ಕೃತಕ ಸಿಹಿ ಆದರೆ ಅದಕ್ಕೆ 2023ರ ಜುಲೈನಲ್ಲಿ ಸಿಕ್ಕಿದ್ದು 2ಬಿ, ಅಂದರೆ 'ಇದ್ದರೂ ಇರಬಹುದು'. ಕಾಫಿಗೆ ಮೊದಲು ಅದೇ ದರ್ಜೆ ಇತ್ತು, 2016ರಲ್ಲಿ ತೆಗೆದುಹಾಕಿದರು. ಆದರೆ ಆಗಲೇ, 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ ಕುಡಿಯುವ ಯಾವುದೇ ಪಾನೀಯಕ್ಕೆ 2ಎ ಕೊಟ್ಟರು, ಅಂದರೆ 'ಬಹುಶಃ ಹೌದು'. ಇನ್ನು ಅಡಿಕೆ. ಅದಕ್ಕೆ 2004ರಿಂದಲೂ ಮೊದಲನೇ ದರ್ಜೆ, ಅನುಮಾನವೇ ಇಲ್ಲ. ಹೀಗೆ ನೋಡಿದರೆ, ಈ ಮೂವರಲ್ಲಿ ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿರುವುದು ಗುಳಿಗೆ, ನಡುವಿನ ಬೆಂಚಿನಲ್ಲಿ ಹಬೆಯಾಡುವ ಲೋಟ, ಫಸ್ಟ್ ರ‍್ಯಾಂಕ್ ಬಂದವನು ಬುದ್ಧಿ ಹೇಳುವವರ ದವಡೆಯಲ್ಲಿ. ಆ ಪುಡಿಗೆ ಸಿಹಿ ಬಂದದ್ದು ಎಲ್ಲಿಂದ ಎಂದು ಪೊಟ್ಟಣ ತಿರುಗಿಸಿದರೆ ಬಹಳ ಸಲ 954 ಎಂಬ ಅಂಕಿ ಸಿಗುತ್ತದೆ. ಅದು ಸ್ಯಾಕರಿನ್ ಎಂಬ ಇನ್ನೊಂದು ಕೃತಕ ಸಿಹಿಯ ಸಂಕೇತ. ಕೃತಕ ಸಿಹಿಯ ವಿರುದ್ಧದ ಭಾಷಣವೂ ಕೃತಕ ಸಿಹಿಯಲ್ಲೇ ಅದ್ದಿ ಬಂದದ್ದು.

ಲೋಳೆಸರದ ಇಡೀ ಎಲೆಯ ಸಾರವೂ 2ಬಿ. ಅದನ್ನು ಬೆಳಗ್ಗೆ ಪಾರ್ಕಿನ ಗೇಟಿನಲ್ಲಿ 'ರಕ್ತಶುದ್ಧಿ' ಎಂದು ಲೋಟಗಟ್ಟಲೆ ಕುಡಿದು ಬಂದವರು ಗುಳಿಗೆಯ ಮೇಲೆ ಕೆಂಗಣ್ಣು ಬಿಡುತ್ತಾರೆ. ಬೆಂಗಳೂರಿನ ಐಟಿ ಹುಡುಗರ ನೈಟ್ ಶಿಫ್ಟ್ 2ಎ. ರಾತ್ರಿ ಎರಡು ಗಂಟೆಗೆ ಅಲ್ಲಿ ಹೆದರಿಕೆ ಹುಟ್ಟುವುದು ಕೈಯಲ್ಲಿರುವ ಡಯೆಟ್ ಕೋಲಾದ ಬಗ್ಗೆ. ಶಿಫ್ಟಿನ ಬಗ್ಗೆ ಎಚ್‌ಆರ್ ಈಮೇಲ್ ಕಳಿಸಿಲ್ಲವಲ್ಲ.

ಒಂದು ಮಾತು ಇಲ್ಲಿ ಬಿಡಿಸಿ ಹೇಳಬೇಕು. ಈ ದರ್ಜೆ ಅಪಾಯದ ಅಳತೆಯಲ್ಲ, ಪುರಾವೆಯ ಅಳತೆ. ಹೋರಿ ಹಾಯುವ ಜಾತಿಯದೋ ಅಲ್ಲವೋ ಎಂಬುದಷ್ಟೇ ಲಿಯಾನಿನವರ ಪ್ರಶ್ನೆ. ಅದು ನಿಮ್ಮ ಬೀದಿಯಲ್ಲಿದೆಯೋ, ಕಟ್ಟಿಹಾಕಿದ್ದಾರೋ, ಇನ್ನೂ ಕರುವೋ ಎಂದು ನೋಡುವವರು ಬೇರೆ. ಅವರ ಹೆಸರು ಜೆಕ್ಫಾ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಸೇರಿ ನಡೆಸುವ ತಜ್ಞರ ಸಮಿತಿ. 2023ರ ಜುಲೈ 14ರಂದು ಈ ಅಣ್ಣತಮ್ಮಂದಿರು ಒಟ್ಟಿಗೆ ಜಗುಲಿಗೆ ಬಂದರು. ಅಣ್ಣ "ಕ್ಯಾನ್ಸರ್ ಇದ್ದರೂ ಇರಬಹುದು" ಎಂದ. ತಮ್ಮ "ಹಳೆಯ ಮಿತಿಯೇ ಸಾಕು, ಬದಲಾಯಿಸುವಂಥದ್ದೇನೂ ಕಾಣಲಿಲ್ಲ" ಎಂದ. ಟಿವಿಯವರ ಕಿವಿಗೆ ಅಣ್ಣನ ಮಾತು ಬಿತ್ತು, ಕಂಪನಿಯವರ ಕಿವಿಗೆ ತಮ್ಮನ ಮಾತು ಬಿತ್ತು. ಎರಡೂ ಕಿವಿ ಇದ್ದವರು ಆ ದಿನ ರಜೆಯಲ್ಲಿದ್ದರು.

ತಮ್ಮನ ಲೆಕ್ಕ ತೀರಾ ಸುಲಭ. ಇಲಿಯ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 4000 ಮಿಲಿಗ್ರಾಂ ಆಸ್ಪರ್ಟೇಮ್ ತಿನ್ನಿಸಿದರೂ ಅದಕ್ಕೆ ಏನೂ ಆಗಲಿಲ್ಲ. ಆ ಅಂಕಿಯನ್ನು ನೂರರಿಂದ ಭಾಗಿಸಿ ಮನುಷ್ಯನಿಗೆ 40 ಎಂದು ಇಟ್ಟರು, ಬದುಕಿರುವಷ್ಟು ದಿನವೂ ದಿನಕ್ಕೆ ಇಷ್ಟು ತಿಂದರೆ ಚಿಂತೆಯಿಲ್ಲ ಎಂದು. ಯಜಮಾನರು 60 ಕಿಲೋ ಇದ್ದರೆ ಅವರ ಪಾಲು 2400 ಮಿಲಿಗ್ರಾಂ. ಒಂದು ಗುಳಿಗೆಯಲ್ಲಿ ಸುಮಾರು 20. ಅಂದರೆ ದಿನಕ್ಕೆ 120 ಗುಳಿಗೆ, ಲೋಟಕ್ಕೆ ಎರಡರಂತೆ 60 ಲೋಟ ಕಾಫಿ. ಅಷ್ಟು ಕಾಫಿ ಕುಡಿದವರಿಗೆ ಆಸ್ಪರ್ಟೇಮ್ ಕೈ ಹಚ್ಚುವ ಮೊದಲು ಕೆಫೀನ್ ಲೆಕ್ಕ ಚುಕ್ತಾ ಮಾಡಿರುತ್ತದೆ. ನಾಲ್ಕು ಕಾಫಿ ಕುಡಿಯುವ ಯಜಮಾನರು ಮಿತಿಯ ಹದಿನೈದರಲ್ಲಿ ಒಂದು ಪಾಲೂ ದಾಟುವುದಿಲ್ಲ. ಡಯೆಟ್ ಕೋಲಾ ಆದರೆ, ಮಿತಿ ದಾಟಲು 70 ಕಿಲೋ ತೂಗುವವರು ದಿನಕ್ಕೆ 9ರಿಂದ 14 ಕ್ಯಾನ್‌ಗಿಂತ ಹೆಚ್ಚು ಏರಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಲೆಕ್ಕ ಕೊಟ್ಟಿದೆ.

ಗುಳಿಗೆ ಯಾವುದು ಎಂದು ಮೊದಲು ನೋಡಿಕೊಳ್ಳುವುದೂ ಒಳ್ಳೆಯದು. ಡಬ್ಬಿಯ ಹಿಂದೆ 951 ಇದ್ದರೆ ಆಸ್ಪರ್ಟೇಮ್, 955 ಇದ್ದರೆ ಸುಕ್ರಲೋಸ್. ವಾಟ್ಸಾಪಿನ ಕ್ಯಾನ್ಸರ್ ಸುದ್ದಿ 951ರದ್ದು. ಅದನ್ನು ಓದಿ ಬೆಚ್ಚಿ 955ರ ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆದವರೇ ಹೆಚ್ಚು. ಆಸ್ಪರ್ಟೇಮ್ ಬಿಸಿಯಲ್ಲಿ ಕುದಿಸಿದರೆ ಒಡೆದು ಸಿಹಿ ಹೋಗುತ್ತದೆ ಎಂಬುದು ಮಾತ್ರ ಯಾವ ಫಾರ್ವರ್ಡಿನಲ್ಲೂ ಬರುವುದಿಲ್ಲ. ಅದನ್ನು ಹಾಕಿ ಪಾಯಸ ಕುದಿಸಿದ ಮನೆಯಲ್ಲಿ ಶಾವಿಗೆ ಗಂಜಿ ಬಡಿಸಬೇಕಾಗುತ್ತದೆ. ಒಲೆಯಿಂದ ಇಳಿಸಿದ ಮೇಲೆ ಬೆರೆಸಬೇಕು, ಅಷ್ಟೇ.

ಈ ಸಿಹಿಗಳ ಹುಟ್ಟಿನ ಕಥೆ ಗೊತ್ತಾದರೆ ನಮ್ಮ ಅಜ್ಜಿಯಂದಿರು ಆಗಲೇ ತೀರ್ಪು ಕೊಟ್ಟುಬಿಡುತ್ತಿದ್ದರು. 1879ರಲ್ಲಿ ಫಾಲ್‌ಬರ್ಗ್ ಎಂಬ ರಸಾಯನಶಾಸ್ತ್ರಜ್ಞ ಕಲ್ಲಿದ್ದಲ ಟಾರಿನಿಂದ ಬಂದ ವಸ್ತುಗಳ ಮೇಲೆ ಕೆಲಸ ಮಾಡಿ, ಕೈ ತೊಳೆಯದೆ ಊಟಕ್ಕೆ ಕೂತ. ಬ್ರೆಡ್ ಸಿಹಿಯಾಯಿತು, ಸ್ಯಾಕರಿನ್ ಹುಟ್ಟಿತು. 1937ರಲ್ಲಿ ಸ್ವೇಡಾ ಎಂಬಾತ ಪ್ರಯೋಗಾಲಯದ ಮೇಜಿನ ಮೇಲಿಟ್ಟ ಸಿಗರೇಟನ್ನು ಬಾಯಿಗಿಟ್ಟ, ಸೈಕ್ಲಮೇಟ್ ಹುಟ್ಟಿತು. 1965ರಲ್ಲಿ ಶ್ಲಾಟರ್ ಹಾಳೆ ಎತ್ತಲು ಬೆರಳು ನೆಕ್ಕಿದ, ಆಸ್ಪರ್ಟೇಮ್. 1976ರಲ್ಲಿ ಲಂಡನ್ನಿನಲ್ಲಿದ್ದ ನಮ್ಮ ದೇಶದ ಶಶಿಕಾಂತ್ ಫಡ್ನಿಸ್ ಅವರಿಗೆ 'ಟೆಸ್ಟ್' ಮಾಡು ಎಂದದ್ದು 'ಟೇಸ್ಟ್' ಮಾಡು ಎಂದು ಕೇಳಿಸಿತು, ನೋಡಿಯೇಬಿಟ್ಟರು, ಸುಕ್ರಲೋಸ್. ಕೈಕಾಲು ತೊಳ್ಕೊಂಡು ಊಟಕ್ಕೆ ಬಾ ಎನ್ನುವ ಒಬ್ಬ ತಾಯಿ ಆ ಪ್ರಯೋಗಾಲಯಗಳಲ್ಲಿ ಇದ್ದಿದ್ದರೆ ಇಂದು ಈ ಅಂಕಣವೇ ಇರುತ್ತಿರಲಿಲ್ಲ.

ಇಲಿಗಳ ಪಾಡು ಬೇರೆ. 1977ರಲ್ಲಿ ಸ್ಯಾಕರಿನ್ ತಿಂದ ಇಲಿಗಳ ಮೂತ್ರಕೋಶದಲ್ಲಿ ಗಡ್ಡೆ ಬಂತೆಂದು ಅಮೆರಿಕ ಅದನ್ನು ನಿಷೇಧಿಸಲು ಹೊರಟಿತು. ಜನ ಗಲಾಟೆ ಎಬ್ಬಿಸಿದರು. ಅವರಿಗೆ ಬೇಕಿದ್ದದ್ದು ಸ್ಯಾಕರಿನ್, ಕ್ಯಾನ್ಸರ್ ಆಮೇಲೆ ನೋಡೋಣ ಎಂಬ ನಿಲುವು. ಕೊನೆಗೆ ನಿಷೇಧ ಬಿಟ್ಟು ಎಚ್ಚರಿಕೆಯ ಚೀಟಿ ಅಂಟಿಸಿದರು. ಆ ಇಲಿಗಳ ಆಹಾರದಲ್ಲಿ ನೂರಕ್ಕೆ 5 ಪಾಲು, ಕೆಲವಕ್ಕೆ ಇನ್ನೂ ಹೆಚ್ಚು, ಸ್ಯಾಕರಿನ್ನೇ ಇತ್ತು. ದಿನಕ್ಕೆ ಎರಡು ಕಿಲೋ ಉಣ್ಣುವ ಮನುಷ್ಯನಿಗೆ ಅದು 100 ಗ್ರಾಂ ಆಯಿತು, ಸಿಹಿಯಲ್ಲಿ 30 ಕಿಲೋ ಸಕ್ಕರೆಗೆ ಸಮ. ಗಂಡು ಇಲಿಯ ಮೂತ್ರದಲ್ಲಿ ಅದರಿಂದ ಹರಳು ಕಟ್ಟಿ ಮೂತ್ರಕೋಶವನ್ನು ಉಜ್ಜಿ ಹುಣ್ಣು ಮಾಡುತ್ತದೆ, ಮನುಷ್ಯನ ಮೂತ್ರದಲ್ಲಿ ಆ ಗುಣವಿಲ್ಲ ಎಂದು ತಿಳಿಯುವ ಹೊತ್ತಿಗೆ ವರ್ಷಗಳು ಕಳೆದಿದ್ದವು. ಚೀಟಿ ಕಿತ್ತದ್ದು 2000ದಲ್ಲಿ.

ಹಾಗಾದರೆ ಇಪ್ಪತ್ತು ಮೂವತ್ತು ವರ್ಷ ತಿಂದರೂ ಏನೂ ಆಗುವುದಿಲ್ಲವೇ ಎಂದು ಕೇಳುವವರಿಗೆ ಎರಡೂ ಪಕ್ಷದವರು ಸುಳ್ಳು ಹೇಳುತ್ತಾರೆ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲು ಈ ಸಿಹಿಗಳನ್ನು ನೆಚ್ಚಬೇಡಿ ಎಂದಿತು. ಕೆಲವೇ ತಿಂಗಳ ಪ್ರಯೋಗಗಳಲ್ಲಿ ಇಳಿದ ತೂಕ ಸರಾಸರಿ ಮುಕ್ಕಾಲು ಕಿಲೋಗೂ ಕಡಿಮೆ. ವರ್ಷಗಟ್ಟಲೆ ಜನರನ್ನು ಗಮನಿಸಿದ ಅಧ್ಯಯನಗಳಲ್ಲಂತೂ ಹೆಚ್ಚು ತಿಂದವರಲ್ಲೇ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಜಾಸ್ತಿ ಕಂಡಿತು. ತಕ್ಷಣ ಟಿವಿಯಲ್ಲಿ "ಶುಗರ್ ಫ್ರೀಯಿಂದಲೇ ಶುಗರ್!" ಎಂದು ಕೆಂಪು ಅಕ್ಷರ. ಕನ್ನಡಕ ಹಾಕಿದವರಲ್ಲೇ ಕಣ್ಣು ಮಂದದವರು ಜಾಸ್ತಿ, ಆದ್ದರಿಂದ ಕನ್ನಡಕ ಎಸೆಯಿರಿ ಎಂಬ ತರ್ಕ. ಆಗಲೇ ಬೊಜ್ಜಿರುವವರು, ಶುಗರ್ ಗಡಿಗೆ ಬಂದವರು ತಾನೇ ಗುಳಿಗೆ ಕೊಳ್ಳುವುದು? ಈ ಗೊಂದಲ ಇದೆ ಎಂದೇ ಸಂಸ್ಥೆ ತನ್ನ ಸಲಹೆಗೆ ಷರತ್ತು ಹಾಕಿತು, ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಇದು ಅನ್ವಯಿಸುವುದಿಲ್ಲ ಎಂದೂ ಬರೆಯಿತು. ಹಾಗೆಂದು ಎಲ್ಲವನ್ನೂ ಕನ್ನಡಕದ ತಲೆಗೆ ಕಟ್ಟಲೂ ಆಗದು. 2022ರಲ್ಲಿ ಇಸ್ರೇಲಿನಲ್ಲಿ 120 ಆರೋಗ್ಯವಂತರ ಮೇಲೆ ನಡೆದ ಪ್ರಯೋಗದಲ್ಲಿ, ಮಿತಿಯೊಳಗಿನ ಸ್ಯಾಕರಿನ್ ಮತ್ತು ಸುಕ್ರಲೋಸ್ ಎರಡು ವಾರದಲ್ಲೇ ದೇಹ ಗ್ಲೂಕೋಸನ್ನು ನಿಭಾಯಿಸುವ ರೀತಿಯನ್ನು ಕೆಡಿಸಿದ್ದು ಕಂಡುಬಂತು, ಕರುಳಿನ ಸೂಕ್ಷ್ಮಜೀವಿಗಳೂ ಬದಲಾದವು. ಒಬ್ಬರಲ್ಲಿ ಕಂಡಂತೆ ಇನ್ನೊಬ್ಬರಲ್ಲಿ ಕಾಣಲಿಲ್ಲ. ಇಷ್ಟನ್ನು ಮೂವತ್ತು ಸೆಕೆಂಡಿನ ರೀಲ್‌ನಲ್ಲಿ ಹೇಳುವುದು ಹೇಗೆ?

ರೀಲ್‌ನಲ್ಲಿ ಬರುವುದು ಶುಗರ್ ಫ್ರೀ ಮೈಸೂರು ಪಾಕ್. ಇದನ್ನು ಹತ್ತಿರದಿಂದ ನೋಡಲೇಬೇಕು. ಕಡಲೆಹಿಟ್ಟು 100 ಗ್ರಾಂ, ಸಕ್ಕರೆ 200, ತುಪ್ಪ 200. ಸಕ್ಕರೆ ಒಂದೆಳೆ ಪಾಕಕ್ಕೆ ಬಂದಾಗ ಹಿಟ್ಟು ಸುರಿದು, ಕುದಿಯುವ ತುಪ್ಪ ಹುಯ್ಯುತ್ತ ಕೈಬಿಡದೆ ತಿರುವಿದರೆ ಗೂಡು ಗೂಡಾಗಿ ಉಬ್ಬುತ್ತದೆ. ಆ ಗೂಡಿನ ಗೋಡೆಯೇ ಸಕ್ಕರೆ. ಸುಕ್ರಲೋಸ್ ಸಕ್ಕರೆಗಿಂತ 600 ಪಟ್ಟು ಸಿಹಿ, ಹಾಗಾಗಿ 200 ಗ್ರಾಂ ಜಾಗಕ್ಕೆ ಮೂರನೇ ಒಂದು ಗ್ರಾಂ ಸಾಕು. ಚಿಟಿಕೆಗೂ ಸಿಗದ ಪುಡಿಯಿಂದ ಎಳೆ ಹೇಗೆ ಬರಬೇಕು? ಗೋಡೆಯಿಲ್ಲದ ಮನೆ ಕುಸಿಯುತ್ತದೆ, ತಟ್ಟೆಯಲ್ಲಿ ಉಳಿಯುವುದು ತುಪ್ಪದಲ್ಲಿ ಹುರಿದ ಹಿಟ್ಟು. ಅದಕ್ಕೇ ಅಂಗಡಿಯವರು ಮಾಲ್ಟಿಟಾಲ್ ಹಿಡಿಯುತ್ತಾರೆ, ಅದು ಪಾಲಿಯಾಲ್ ಎಂಬ ಗುಂಪಿನ ಸಿಹಿ. ಅದು ಪಾಕವಾಗುತ್ತದೆ. ಆದರೆ ಗ್ರಾಂಗೆ 2.4 ಕ್ಯಾಲೊರಿಯೂ ಇದೆ, ರಕ್ತದ ಸಕ್ಕರೆಯನ್ನೂ ಅರ್ಧಂಬರ್ಧ ಏರಿಸುತ್ತದೆ. 30 ಗ್ರಾಂ ತುಂಡಿನ ಲೆಕ್ಕ ಹಾಕಿದರೆ ಮಾಮೂಲಿಯದು ಸುಮಾರು 180 ಕ್ಯಾಲೊರಿ, ಶುಗರ್ ಫ್ರೀ 160. ಉಳಿತಾಯವಾದದ್ದು ಒಂದು ಚಮಚ ಸಕ್ಕರೆಯಷ್ಟು. ತುಪ್ಪ ತನ್ನ ಕುರ್ಚಿಯಿಂದ ಕದಲಿಲ್ಲ. ಒಂದು ತುಂಡಿನಲ್ಲಿ 12 ಗ್ರಾಂ ಮಾಲ್ಟಿಟಾಲ್. 'ಸಕ್ಕರೆ ಇಲ್ವಲ್ಲ' ಎಂದು ನಾಲ್ಕು ತಿಂದವರನ್ನು ಧಾರೆಯ ಹೊತ್ತಿಗೆ ಹುಡುಕಬೇಕಾದರೆ ಶೌಚಾಲಯದ ಬಾಗಿಲು ತಟ್ಟಿ. ಪಾಲಿಯಾಲ್‌ಗಳು ಭೇದಿ ತರಿಸಬಹುದು ಎಂಬ ಎಚ್ಚರಿಕೆ ಡಬ್ಬಿಯ ಮೇಲಿತ್ತು. ಎಲೆಯ ಮೇಲೆ ಬಡಿಸುವಾಗ ಡಬ್ಬಿ ಯಾರು ತರುತ್ತಾರೆ?

ಇದಕ್ಕಿಂತ ಧೈರ್ಯವಂತರು ಮಂಡ್ಯದ ಅಚ್ಚು ಬೆಲ್ಲ ಹಾಕಿ 'ಶುಗರ್ ಫ್ರೀ' ಎಂದು ಬೋರ್ಡು ನೆಡುತ್ತಾರೆ. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ, ಬಣ್ಣ ಮಾತ್ರ ದೇಸಿ.

ಡಬ್ಬಿಯ ಮೇಲೆ ನಿಜಕ್ಕೂ ಓದಬೇಕಾದ ಮಾತು ಇನ್ನೊಂದಿದೆ. ಫೀನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟಿನಿಂದ ಬರುವ ಅಪರೂಪದ ತೊಂದರೆ ಇರುವವರಿಗೆ ಆಸ್ಪರ್ಟೇಮ್ ಕೂಡದು. ಅದರಿಂದ ಬರುವ ಫೀನೈಲ್‌ಅಲನೀನ್ ಅವರ ಮೈಯಲ್ಲಿ ಕರಗದೆ ಸೇರಿ ಮಿದುಳಿಗೆ ಏಟು ಕೊಡುತ್ತದೆ. ಮಕ್ಕಳಿಗೆ ಕೊಡಬೇಡಿ ಎಂದೂ ಬರೆದಿರುತ್ತದೆ. ಯಾವ ಭಾಷೆಯಲ್ಲಿ? ಕಾನೂನಿನ ಪ್ರಕಾರ ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿ ಇದ್ದರೆ ಸಾಕು, ಕನ್ನಡ ಬರೆದರೆ ಬೇಡ ಎನ್ನುವುದಿಲ್ಲ, ಅಷ್ಟೇ. ಹೀಗಾಗಿ ಅರಸೀಕೆರೆಯ ಅಜ್ಜಿ ಮೊಮ್ಮಗನ ಹಾಲಿಗೆ ಗುಳಿಗೆ ಹಾಕಬಾರದೆಂದು ತಿಳಿಯಬೇಕಾದರೆ ಮೊದಲು ಭೂತಗನ್ನಡಿ ಕೊಳ್ಳಬೇಕು, ಆಮೇಲೆ ಇಂಗ್ಲಿಷ್ ಕಲಿಯಬೇಕು.

ಅತ್ತ ಪಂಕ್ತಿ ಕೂತಿದೆ. ಕಾಫಿಯಲ್ಲಿ ಎರಡು ಚಮಚ ಸಕ್ಕರೆ ಉಳಿಸಿದ ಯಜಮಾನರು ಆ ಉಳಿತಾಯವನ್ನು ಎಲೆಯ ತುದಿಗೆ ಜಮಾ ಮಾಡಿಸಿಕೊಳ್ಳುತ್ತಿದ್ದಾರೆ. ಹೋಳಿಗೆ ಬಂತು. ಬೇಡ ಎನ್ನುವಂತೆ ಎರಡೂ ಕೈ ಅಡ್ಡ ಹಿಡಿದರು, ಬಡಿಸುವವನಿಗೆ ಆ ಕೈಭಾಷೆ ಗೊತ್ತು, ಬೆರಳ ಸಂದಿಯಲ್ಲೇ ಎರಡು ಇಳಿಸಿದ.

"ಸಾರ್, ಹೋಳಿಗೆಗೆ ಹಾಲೋ, ತುಪ್ಪವೋ?"

"ತುಪ್ಪ ಹಾಕಪ್ಪಾ. ಹಾಲಿಗೆ ಸಕ್ಕರೆ ಬೆರೆಸಿರ್ತಾರೆ."